ಜಸ್ಟ್ ಬಾರ್ನ್ ಚಿಟ್ಟೆ, ಜ್ವರ ಬಂದ ರೇಷ್ಮೆಹುಳು

ನಾನು ಏನು ಕೆಲಸ ಮಾಡುತ್ತೇನೆಂದು ಹೇಳುವುದು ಸ್ವಲ್ಪ ಕಷ್ಟ. ಹಕ್ಕಿ, ಹುಳುಗಳ ಫೋಟೊ ತೆಗೆಯುವವರು ಬೇರೆ, ಅವುಗಳ ಬಗ್ಗೆ ಸಂಶೋಧನೆ ಮಾಡುವವರು ಬೇರೆ. ಫೋಟೊದ ಕೆಳಗೆ ಎರಡು ಸಾಲು ಇಂಗ್ಲಿಷ್ ಇರುತ್ತದಲ್ಲ, ಯಾರೂ ಓದದೆ ಮುಂದೆ ಹೋಗುವಂಥದ್ದು, ಅದನ್ನು ಬರೆಯುವವಳು ನಾನು. ಕ್ಯಾಲೆಂಡರು, ಫೋಟೊ ಪ್ರದರ್ಶನ, ಪ್ರಕೃತಿ ಶಿಬಿರದ ಫಲಕ, ರೈತರ ತೋಟ ನೋಡಲು ಬರುವವರ ಕೈಗೆ ಕೊಡುವ ಕರಪತ್ರ, ಹೀಗೆ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಬಂದದ್ದು ಅರ್ಧ ನಿಘಂಟಿನಿಂದ, ಇನ್ನರ್ಧ ಬೈಸಿಕೊಂಡು.

ಇಪ್ಪತ್ತು ವರ್ಷಗಳಲ್ಲಿ ನಾನು ಅತಿ ಹೆಚ್ಚು ಎಡವಿದ್ದು ಒಂದೇ ಜಾಗದಲ್ಲಿ. ಆಗತಾನೆ ಹುಟ್ಟಿದ ಹಕ್ಕಿಯನ್ನೋ ಹುಳುವನ್ನೋ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂಬಲ್ಲಿ. ಕನ್ನಡದಲ್ಲಿ ಆನೆಯದೂ ಮರಿ, ಹಾವಿನದೂ ಮರಿ, ಗುಬ್ಬಿಯದೂ ಮರಿ. ಆ ಧಾರಾಳದಲ್ಲಿ ಬೆಳೆದವಳಿಗೆ ಇಂಗ್ಲಿಷಿನ ಲೆಕ್ಕಾಚಾರ ಅಂದಾಜಾಗಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಕೈಹಾಕಿದ ಕೆಲವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಜಾರಿಬಿದ್ದ ಕಲ್ಲುಗಳ ಪಟ್ಟಿ ಅಂದುಕೊಳ್ಳಿ.

1. ಹುಟ್ಟಿದ್ದು ಎಲ್ಲಿಂದ ಎಂದು ಮೊದಲು ಕೇಳಿಕೊಳ್ಳಿ

ನಾನು ಬರೆದ ಮೊದಲ ಕ್ಯಾಲೆಂಡರಿನ ಜೂನ್ ತಿಂಗಳ ಪುಟ. ಕರಿಬೇವಿನ ಕಡ್ಡಿಗೆ ಅಂಟಿದ ಖಾಲಿ ಕೋಶ, ಅದನ್ನೇ ಹಿಡಿದು ಜೋತಾಡುತ್ತಿರುವ ಕಾಮನ್ ಮಾರ್ಮನ್ ಚಿಟ್ಟೆ. ರೆಕ್ಕೆಗಳು ಹಿಂಡಿ ಎಸೆದ ಕರವಸ್ತ್ರದ ಹಾಗೆ ಮುದುಡಿಕೊಂಡಿವೆ. ಅದರ ಕೆಳಗೆ ನಾನು ಬರೆದದ್ದು: ‘ಎ ಜಸ್ಟ್ ಬಾರ್ನ್ ಬಟರ್‌ಫ್ಲೈ’. ಮಕ್ಕಳ ಬಟ್ಟೆ ಅಂಗಡಿಗಳ ಬೋರ್ಡಿನಲ್ಲಿ ‘ಜಸ್ಟ್ ಬಾರ್ನ್’ ಎಂದು ಓದಿ ಓದಿ ಅದಕ್ಕಿಂತ ಚೆಂದದ ಇಂಗ್ಲಿಷ್ ಇಲ್ಲವೆಂದು ನಂಬಿದ್ದೆ.

ಕ್ಯಾಲೆಂಡರು ಅಚ್ಚಾಗಿ ಬಂತು. ಬಿಡುಗಡೆಯ ದಿನ ನಿವೃತ್ತ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಜೂನ್ ಪುಟ ತೆರೆದು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. “ಇದು ಹುಟ್ಟಿದ್ದು ಯಾವತ್ತಮ್ಮ?” “ಫೋಟೊ ತೆಗೆದ ದಿನ ಬೆಳಿಗ್ಗೆ ಸಾರ್.” “ಹಾಗಾದ್ರೆ ಅದಕ್ಕೆ ಮುಂಚೆ ವಾರಗಟ್ಟಲೆ ಕರಿಬೇವಿನ ಸೊಪ್ಪು ತಿಂದು ಗಿಡ ಬೋಳು ಮಾಡಿದ್ದು ಯಾರು?” ನಾನು ನಕ್ಕೆ. ಅವರು ನಗಲಿಲ್ಲ.

ಚಿಟ್ಟೆಗೆ ಬಾಗಿಲು ಎರಡು. ಮೊಟ್ಟೆ ಒಡೆದು ಹೊರಬರುವುದು ಕಂಬಳಿಹುಳು. ಅದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಚ್’. ಕೋಶ ಸೀಳಿ ಹೊರಬರುವುದು ಚಿಟ್ಟೆ. ಅದಕ್ಕೆ ‘ಎಮರ್ಜ್’. ಹಾಗಾಗಿ ‘ನ್ಯೂಲಿ ಹ್ಯಾಚ್ಡ್ ಕ್ಯಾಟರ್‌ಪಿಲ್ಲರ್’, ‘ನ್ಯೂಲಿ ಎಮರ್ಜ್ಡ್ ಬಟರ್‌ಫ್ಲೈ’. ಇವೆರಡನ್ನು ಅದಲುಬದಲು ಮಾಡಿದರೆ ಒಂದು ಇಡೀ ಬಾಲ್ಯವೇ ಮಾಯವಾಗುತ್ತದೆ. ಕೋಶದಿಂದ ಬರುವುದಕ್ಕೆ ‘ಎಕ್ಲೋಸ್’ ಎಂಬ ಪದವೂ ಇದೆ. ಅದನ್ನು ಕಲಿತ ಹೊಸದರಲ್ಲಿ ಕಂಡಕಂಡಲ್ಲೆಲ್ಲ ಬಳಸಿದೆ, ಆ ಕಥೆ ಆಮೇಲೆ.

ಇದೇ ಜಾತಿಯ ಇನ್ನೊಂದು ತಪ್ಪು. ಮತ್ತೊಂದು ಚಿಟ್ಟೆಯ ಫೋಟೊದಲ್ಲಿ ಹಿಂಬದಿಯಿಂದ ಕೆಂಪು ಹನಿ ತೊಟ್ಟಿಕ್ಕುತ್ತಿತ್ತು. ರಕ್ತವೆಂದುಕೊಂಡು ‘ಗಾಯಗೊಂಡ ಹಸುಗೂಸು’ ಎಂಬರ್ಥದಲ್ಲಿ ಬರೆದು, ಜೊತೆಗೆ ಎರಡು ಸಾಲು ಮರುಕವನ್ನೂ ಸೇರಿಸಿದ್ದೆ. ಕೋಶದೊಳಗೆ ದೇಹ ಬದಲಾಗುವಾಗ ಉಳಿದ ಕಸವನ್ನು ಚಿಟ್ಟೆ ಹೊರಬಂದ ಮೇಲೆ ಹೀಗೆ ವಿಸರ್ಜಿಸುತ್ತದೆ, ಕೆಲವು ಜಾತಿಗಳಲ್ಲಿ ಅದು ಕೆಂಪಗಿರುತ್ತದೆ. ಅದಕ್ಕೆ ಗಾಯವೂ ಇರಲಿಲ್ಲ, ನನ್ನ ಮರುಕದ ಅಗತ್ಯವೂ ಇರಲಿಲ್ಲ.

2. ಹುಳು ಸಾಕಿದವರ ಮಾತನ್ನು ತಿದ್ದಲು ಹೋಗಬೇಡಿ

ಕನಕಪುರದ ಕಡೆ ಒಂದು ರೇಷ್ಮೆ ತೋಟ. ಹೊರಗಿನವರು ನೋಡಲು ಬರುತ್ತಿದ್ದರು, ಅವರಿಗಾಗಿ ಇಂಗ್ಲಿಷ್ ಕರಪತ್ರ ಬೇಕಿತ್ತು. ನಾನು ಎರಡು ದಿನ ಹುಳುಮನೆಯಲ್ಲಿ ಕೂತು ಮನೆಯೊಡತಿ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಎರಡನೇ ದಿನ ತಟ್ಟೆಯಲ್ಲಿದ್ದ ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. “ಯಾಕಕ್ಕ, ತಿಂತಾ ಇಲ್ಲ?” ಎಂದೆ. “ಜ್ವರಕ್ಕೆ ಕೂತವೆ ಕಣವ್ವ. ಈಗ ಸೊಪ್ಪು ಹಾಕಂಗಿಲ್ಲ.” ನಾನು ಗಾಬರಿಯಾಗಿ ಬರೆದುಕೊಂಡೆ. ಕರಪತ್ರದ ಕರಡಿನಲ್ಲಿ ಅದು ‘ದ ಬೇಬಿ ವರ್ಮ್ಸ್ ಸಫರ್ ಫೋರ್ ಫೀವರ್ಸ್’ ಎಂದಾಯಿತು.

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಜ್ವರ ಬಂದ ಮಗುವನ್ನು ಕಂಡವರಿಗೆ ಬೇರೆ ಹೆಸರು ಏಕೆ ಬೇಕು? ಒಂದನೇ ಜ್ವರ, ಎರಡನೇ ಜ್ವರ ಎಂದು ಲೆಕ್ಕ. ಇಂಗ್ಲಿಷಿನಲ್ಲಿ ಅದು ‘ಮೌಲ್ಟ್’. ಎರಡು ಜ್ವರಗಳ ನಡುವಿನ ಅವಧಿ ‘ಇನ್‌ಸ್ಟಾರ್’. ನಾಲ್ಕು ಜ್ವರ ಎಂದರೆ ಐದು ಇನ್‌ಸ್ಟಾರ್.

ಅಷ್ಟಕ್ಕೇ ನಿಲ್ಲಲಿಲ್ಲ. ‘ರೇಷ್ಮೆಗೂಡು’ ಎಂದದ್ದನ್ನು ‘ಸಿಲ್ಕ್ ನೆಸ್ಟ್’ ಮಾಡಿದೆ. ಗೂಡು ನಮಗೆ ಹಕ್ಕಿಯದೂ ಹೌದು, ಹುಳುವಿನದೂ ಹೌದು, ಇಂಗ್ಲಿಷಿಗೆ ಅದು ‘ಕಕೂನ್’. ಇನ್ನು ಚಿಟ್ಟೆಯ ಕೋಶಕ್ಕೆ ‘ಕಕೂನ್’ ಎನ್ನುವಂತಿಲ್ಲ. ಅದು ನೂಲು ಸುತ್ತಿದ ಪೊಟ್ಟಣವಲ್ಲ, ಬರಿಯ ಗಟ್ಟಿ ಚಿಪ್ಪು, ‘ಕ್ರಿಸಲಿಸ್’.

ಅತಿ ದೊಡ್ಡ ಮುಖಭಂಗ ಇನ್ನೂ ಇತ್ತು. ನೂಲು ಸುತ್ತುವ ಹೊತ್ತಿಗೆ ಬಂದ ಹುಳುವಿಗೆ ಅವರು “ಹಣ್ಣಾಗಿದೆ” ಎನ್ನುತ್ತಿದ್ದರು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಹೆಣೆದ ಚಂದ್ರಂಕಿಗೆ ಬಿಡುತ್ತಾರೆ. ಹಣ್ಣು ಅಂದರೆ ‘ರೈಪ್’, ಹುಳುವೆಲ್ಲಾದರೂ ಹಣ್ಣಾಗುತ್ತದೆಯೇ ಎಂದು ನಾನು ಜಾಣತನದಿಂದ ‘ಅಡಲ್ಟ್ ವರ್ಮ್ಸ್’ ಎಂದು ತಿದ್ದಿದೆ. ಆಮೇಲೆ ರೇಷ್ಮೆ ಕೃಷಿಯ ಇಂಗ್ಲಿಷ್ ಕೈಪಿಡಿ ತೆರೆದು ನೋಡಿದರೆ ಅಲ್ಲಿಯೂ ‘ರೈಪ್ ವರ್ಮ್ಸ್’ ಎಂದೇ ಇದೆ. ‘ಅಡಲ್ಟ್’ ಆಗುವುದು ಗೂಡಿನಿಂದ ಪತಂಗ ಹೊರಬಂದಾಗ. ಅದೇ ಕೈಪಿಡಿಯಲ್ಲಿ ಆಗತಾನೆ ಮೊಟ್ಟೆಯೊಡೆದ ಹುಳುಗಳನ್ನು ‘ಆಂಟ್’ ಎಂದು ಕರೆದಿದ್ದರು. ಮುದ್ರಣದೋಷವೆಂದು ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅದೂ ಸರಿಯೇ. ಕಪ್ಪಗೆ, ಕೂದಲು ಕೂದಲಾಗಿ, ಇರುವೆಯಷ್ಟೇ ಇರುವ ಅವನ್ನು ನೋಡಿದವರು ಇನ್ನೇನೆಂದಾರು. ಮೊಟ್ಟೆಗಳನ್ನು ಕಪ್ಪು ಕಾಗದ ಮುಚ್ಚಿ ಇಟ್ಟು, ಬೆಳಿಗ್ಗೆ ಒಮ್ಮೆಗೇ ಬೆಳಕು ತೋರಿಸಿದರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಎಳೆ ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಮೇಲೆ ಹರಡಿದರೆ ಹತ್ತಿಕೊಳ್ಳುತ್ತವೆ, ಅವನ್ನು ಕೋಳಿಪುಕ್ಕದಿಂದ ಮೆಲ್ಲಗೆ ತಟ್ಟೆಗೆ ಗುಡಿಸಿಕೊಳ್ಳುತ್ತಾರೆ. ಮೊದಲ ಎರಡು ಜ್ವರ ಕಳೆಯುವವರೆಗಿನ ಆರೈಕೆಗೆ ‘ಚಾಕಿ’ ಎಂದು ಹೆಸರು. ಅದನ್ನು ಇಂಗ್ಲಿಷಿನಲ್ಲೂ ‘ಚಾಕಿ’ ಎಂದೇ ಬರೆಯುತ್ತಾರೆ.

ಕರಪತ್ರವನ್ನು ಮೂರನೇ ಸಲ ಬರೆದಾಗ ಆ ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟೆ: ‘ಆಗತಾನೆ ಮೊಟ್ಟೆಯೊಡೆದ, ಇರುವೆಯಷ್ಟು ಗಾತ್ರದ ಹುಳುಗಳು’. ಇಂಗ್ಲಿಷಿನಲ್ಲಿ ಅದಕ್ಕಿಂತ ಚೆನ್ನಾದ ಸಾಲು ನನ್ನ ಕೈಯಿಂದ ಇವತ್ತಿಗೂ ಬಂದಿಲ್ಲ, ಅದು ನನ್ನದೂ ಅಲ್ಲ.

3. ‘ಲೆಟ್’, ‘ಲಿಂಗ್’ ಬಂದದ್ದೆಲ್ಲ ಮರಿಯಲ್ಲ

ಡಕ್ಲಿಂಗ್ ಬಾತಿನ ಮರಿ, ಗಾಸ್ಲಿಂಗ್ ಹೆಬ್ಬಾತಿನದು, ಈಗ್ಲೆಟ್ ಹದ್ದಿನದು. ಸೂತ್ರ ಸಿಕ್ಕಿಬಿಟ್ಟಿತೆಂದು ಕುಣಿದೆ. ಮುಂದಿನ ವಾರವೇ ಹಳೇ ಮರದ ಪೊಟರೆಯಿಂದ ಇಣುಕುತ್ತಿದ್ದ ಹಾಲಕ್ಕಿಯ ಫೋಟೊ ಬಂತು. ಫೋಟೊಗ್ರಾಫರ್ ಅದರ ಹಿಂದೆ ‘ಸ್ಪಾಟೆಡ್ ಔಲೆಟ್’ ಎಂದು ಬರೆದಿದ್ದ. ‘ಲೆಟ್’ ಇದೆಯಲ್ಲ, ಗೂಬೆಮರಿ! ‘ತಾಯಿಯ ದಾರಿ ಕಾಯುತ್ತಿರುವ ಪುಟ್ಟ ಔಲೆಟ್’ ಎಂದು ಬರೆದೆ. ಔಲೆಟ್ ಎನ್ನುವುದು ಗೂಬೆಯ ಮರಿಗೂ ಹೆಸರು, ಗೇಣುದ್ದದ ಸಣ್ಣ ಗೂಬೆಗಳ ಒಂದು ಗುಂಪಿಗೂ ಹೆಸರು. ಆ ಫೋಟೊದಲ್ಲಿದ್ದುದು ಸಂಸಾರಸ್ಥ ಹಾಲಕ್ಕಿ. ತಾಯಿಯ ದಾರಿ ಕಾಯುವ ವಯಸ್ಸು ಅದಕ್ಕೆ ಎಂದೋ ಕಳೆದಿತ್ತು.

ಹಾಗೆಯೇ ಗಿಳಿಮರಿಗೆ ‘ಪ್ಯಾರಟ್‌ಲೆಟ್’ ಎಂದು ನಾನೇ ಪದ ಟಂಕಿಸಿದೆ. ಆ ಹೆಸರಿನ ಬೇರೆಯೇ ಗಿಣಿಗಳು ದಕ್ಷಿಣ ಅಮೆರಿಕದಲ್ಲಿ ಆಗಲೇ ಹಾರಾಡಿಕೊಂಡಿದ್ದವು. ಪಾರಿವಾಳದ ಮರಿಗೆ ‘ಸ್ಕ್ವಾಬ್’ ಎಂದು ಬರೆದು ಬೀಗಿದೆ. ವಿದೇಶದಲ್ಲಿದ್ದು ಬಂದವರೊಬ್ಬರು ಓದಿ, “ಅಲ್ಲಿ ಹೋಟೆಲಿನ ಮೆನುವಿನಲ್ಲಿ ಇದೇ ಪದ ಇರುತ್ತೆ, ತಟ್ಟೆಯಲ್ಲಿ ಬರುತ್ತೆ” ಎಂದರು. ಪದ ತಪ್ಪಲ್ಲ, ಆದರೆ ಅದರ ಜೊತೆ ಒಗ್ಗರಣೆಯ ವಾಸನೆಯೂ ಬರುತ್ತದೆ.

ಈಗ ನಾನು ಹಕ್ಕಿಯ ಹೆಸರು ಬರೆದು ಮುಂದೆ ‘ಚಿಕ್’ ಎಂದು ಸೇರಿಸಿ ಸುಮ್ಮನಾಗುತ್ತೇನೆ. ಪೆಲಿಕನ್ ಚಿಕ್, ಔಲ್ ಚಿಕ್. ಒಂದೇ ಒಂದು ವಿಶೇಷ ಹೆಸರು ಮಾತ್ರ ಬಿಡಲು ಮನಸ್ಸಿಲ್ಲ. ರಂಗನತಿಟ್ಟಿನಲ್ಲಿ ಸ್ಪೂನ್‌ಬಿಲ್ ಮರಿಗಳನ್ನು ನೋಡಿದ್ದೀರಾ? ಮರಿಯ ಕೊಕ್ಕು ಮೊದಲಿಗೆ ಮೋಟು, ಚಮಚದ ಆಕಾರ ಬರುವುದು ಬೆಳೆಯುತ್ತ ಬೆಳೆಯುತ್ತ. ಹಕ್ಕಿ ನೋಡುವವರು ಸಲಿಗೆಯಿಂದ ಆ ಮರಿಗಳಿಗೆ ‘ಟೀಸ್ಪೂನ್’ ಎನ್ನುತ್ತಾರೆ. ಫಲಕಕ್ಕೆ ಬರೆಯಲಾಗುವುದಿಲ್ಲ, ಆದರೆ ಮಕ್ಕಳಿಗೆ ಹೇಳದೆ ಇರಲೂ ಆಗುವುದಿಲ್ಲ.

4. ಒಂದೇ ಮರಿ, ಮೂರು ವಿಳಾಸ

ಇದು ನಗುವ ತಪ್ಪಲ್ಲ. ಒಂದು ಮಕ್ಕಳ ಶಿಬಿರಕ್ಕೆ ಫಲಕ ಬರೆದುಕೊಟ್ಟಿದ್ದೆ. ಚಿತ್ರದಲ್ಲಿ ಮೋಟು ಬಾಲದ, ಬಾಯಂಚು ಇನ್ನೂ ಹಳದಿಯಿರುವ ಮೈನಾ ಮರಿ ಹುಲ್ಲಿನ ಮೇಲೆ ಕೂತಿತ್ತು. ನಾನು ಬರೆದದ್ದು ‘ಆ್ಯನ್ ಅಬ್ಯಾಂಡನ್ಡ್ ಬೇಬಿ ಬರ್ಡ್’, ಅಂದರೆ ತಬ್ಬಲಿ ಮರಿ. ಚಿತ್ರದಲ್ಲಿ ತಾಯಿ ಕಾಣಿಸಲಿಲ್ಲ, ಆದ್ದರಿಂದ ತಬ್ಬಲಿ. ಮುಂದಿನ ಬೇಸಿಗೆಯಲ್ಲಿ ಶಿಬಿರದ ಮಕ್ಕಳು ಹುಲ್ಲಿನ ಮೇಲೆ ಕಂಡ ಮರಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದರು. ಐದು ಮರಿ. ಹಾಲು ಅನ್ನ ಕೊಟ್ಟರು. ಒಂದೂ ಉಳಿಯಲಿಲ್ಲ. ಫಲಕ ನೋಡಿಯೇ ತಂದೆವು ಎಂದು ಒಬ್ಬ ಹುಡುಗ ಹೆಮ್ಮೆಯಿಂದ ಹೇಳಿದ್ದನ್ನು ಶಿಬಿರದವರು ಫೋನಿನಲ್ಲಿ ತಿಳಿಸಿದಾಗ ನಾನು ಊಟಕ್ಕೆ ಕೂತಿದ್ದೆ.

ಮೊಟ್ಟೆಯಿಂದ ಬಂದ ಹೊಸದರಲ್ಲಿ ‘ಹ್ಯಾಚ್ಲಿಂಗ್’. ಗೂಡಿನಲ್ಲಿ ಗುಟುಕು ತಿನ್ನುತ್ತ ಇರುವವರೆಗೆ ‘ನೆಸ್ಟ್ಲಿಂಗ್’. ಪುಕ್ಕ ಬಂದು ಗೂಡು ಬಿಟ್ಟ ಮೇಲೆ ‘ಫ್ಲೆಜ್ಲಿಂಗ್’. ಈ ಮೂರನೆಯದು ಕೆಲವು ದಿನ ನೆಲದ ಮೇಲೆ, ಪೊದೆಯಲ್ಲಿ ಕುಪ್ಪಳಿಸಿಕೊಂಡಿರುತ್ತದೆ. ಅಪ್ಪ ಅಮ್ಮ ಅಲ್ಲೇ ಸುತ್ತಮುತ್ತ ಇದ್ದು ಗುಟುಕು ಕೊಡುತ್ತಿರುತ್ತವೆ, ನಾವು ಹತ್ತಿರ ನಿಂತಿದ್ದರೆ ಮಾತ್ರ ಬರುವುದಿಲ್ಲ. ಅದನ್ನು ಎತ್ತಿ ತರುವುದು ರಕ್ಷಣೆಯಲ್ಲ, ಅಪಹರಣ. ಮೈಮೇಲೆ ಪುಕ್ಕವಿಲ್ಲದ ಮರಿ ಬಿದ್ದಿದ್ದರೆ ಗೂಡಿಗೆ ವಾಪಸ್ ಇಡಬಹುದು. ಮನುಷ್ಯರ ಕೈ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು.

ಬಿದ್ದ ಮರಿಗೆ ನಿಜವಾಗಿ ಮನುಷ್ಯರೇ ಗತಿ ಎನ್ನುವಂಥ ಜಾಗಗಳೂ ಇವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅಷ್ಟೆತ್ತರದಿಂದ ಬಿದ್ದ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ಅಲ್ಲಿ ‘ಹೆಜ್ಜಾರ್ಲೆ ಬಳಗ’ ಎಂಬ ಊರಿನ ಗುಂಪಿನವರು ಅಂಥ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ ಸಾಕುತ್ತ ಬಂದಿದ್ದಾರೆ. ಅಲ್ಲಿ ‘ಫಾಲನ್ ನೆಸ್ಟ್ಲಿಂಗ್’ ಎಂದು ಬರೆಯಬೇಕು. ನನ್ನ ಮೈನಾಕ್ಕೆ ‘ಫ್ಲೆಜ್ಲಿಂಗ್, ಸ್ಟಿಲ್ ಬೀಯಿಂಗ್ ಫೆಡ್ ಬೈ ಇಟ್ಸ್ ಪೇರೆಂಟ್ಸ್’ ಎಂದು ಬರೆಯಬೇಕಿತ್ತು. ಏಳು ಪದ.

5. ಅಮ್ಮನ ಮಾತನ್ನು ಇಂಗ್ಲಿಷಿಗೆ ತಂದರೆ ಸಾಕು

ಆ ಫೋನು ಬಂದ ಮೇಲೆ ಬಹಳ ದಿನ ಪಾರಿಭಾಷಿಕ ಪದಗಳ ಹಿಂದೆ ಬಿದ್ದೆ. ‘ಎಕ್ಲೋಸ್’ ಕಥೆ ಇಲ್ಲಿ ಬರುತ್ತದೆ. ಹೊಸದಾಗಿ ಎಕ್ಲೋಸ್ ಆದ ಚಿಟ್ಟೆ, ಟೆನರಲ್ ಏರೋಪ್ಲೇನ್ ಚಿಟ್ಟೆ, ಆಲ್ಟ್ರಿಷಿಯಲ್ ಗುಬ್ಬಿ. ಒಂದು ಕೆರೆಯ ಪಕ್ಕ ಟಿಟ್ಟಿಭ ಮರಿಗಳ ಫಲಕಕ್ಕೆ ‘ಪ್ರಿಕೋಷಿಯಲ್ ಚಿಕ್ಸ್’ ಎಂದು ಬರೆದೆ. ಹುಟ್ಟುತ್ತಲೇ ತುಪ್ಪುಳು ಹೊತ್ತು, ಕಣ್ಣು ಬಿಟ್ಟು, ಕೆಲವೇ ಗಂಟೆಗಳಲ್ಲಿ ಓಡಾಡುವ ಮರಿಗಳು ಎಂದು ಅದರ ಅರ್ಥ. ಆರು ತಿಂಗಳ ಮೇಲೆ ಹೋದಾಗ ಅಲ್ಲಿನ ಕಾವಲುಗಾರರು ಪ್ರವಾಸಿಗರಿಗೆ ಆ ಫಲಕ ತೋರಿಸಿ ವಿವರಿಸುತ್ತಿದ್ದರು: “ಇವು ಪ್ರೀಷಿಯಸ್ ಚಿಕ್ಸು ಸಾರ್. ಭಾರಿ ಬೆಲೆಬಾಳೋ ಮರಿಗಳು. ಮುಟ್ಟಿದ್ರೆ ಫೈನ್.” ಮರಿಗಳಿಗೆ ಅದರಿಂದ ಒಳ್ಳೆಯದೇ ಆಯಿತು ಅನ್ನಿ.

ಊರಿಗೆ ಹೋದಾಗ ಅಮ್ಮನಿಗೆ ಈ ಕಥೆ ಹೇಳಿದೆ. ಮಾಡಿನ ಜಂತಿಯಲ್ಲಿ ಗುಬ್ಬಿ ಗೂಡಿತ್ತು. ಅಮ್ಮ ಅಕ್ಕಿ ಆರಿಸುತ್ತಲೇ, “ಹೋದ ವಾರ ಕಣ್ಣು ಬಿಟ್ಟಿರ್ಲಿಲ್ಲ, ಬರೀ ಮಾಂಸದ ಮುದ್ದೆ. ಈಗ ಮುಳ್ಳುಪುಕ್ಕ ಬಂದಿದೆ ನೋಡು. ರೆಕ್ಕೆ ಬಲಿಯೋಕೆ ಇನ್ನೂ ಒಂದು ವಾರ ಬೇಕು” ಎಂದಳು. ನಾನು ಮೂರು ಲ್ಯಾಟಿನ್ ಮೂಲದ ಪದ ಹುಡುಕುತ್ತಿದ್ದ ಜಾಗದಲ್ಲಿ ಅವಳಿಗೆ ಮೂರು ಚಿತ್ರ ಸಿದ್ಧವಾಗಿದ್ದವು. ‘ನೇಕೆಡ್, ಐಸ್ ಸ್ಟಿಲ್ ಕ್ಲೋಸ್ಡ್’. ‘ಪಿನ್ ಫೆದರ್ಸ್ ಜಸ್ಟ್ ಶೋಯಿಂಗ್’. ‘ನಾಟ್ ಯೆಟ್ ಏಬಲ್ ಟು ಫ್ಲೈ’. ಇಂಗ್ಲಿಷ್ ಓದುವ ಯಾರಿಗಾದರೂ ತಿಳಿಯುತ್ತದೆ, ಪಕ್ಷಿಶಾಸ್ತ್ರಜ್ಞರೂ ಬೇಸರಪಡುವುದಿಲ್ಲ. ಅಂದಿನಿಂದ ಶೀರ್ಷಿಕೆ ಬರೆಯುವ ಮೊದಲು ಆ ಚಿತ್ರವನ್ನು ಅಮ್ಮನಿಗೆ ತೋರಿಸಿದರೆ ಅವಳು ಏನೆನ್ನುತ್ತಿದ್ದಳು ಎಂದು ಯೋಚಿಸುತ್ತೇನೆ. ಟಿಟ್ಟಿಭದ ಫಲಕ ಈಗ ‘ಡೌನಿ ಚಿಕ್ಸ್, ರನ್ನಿಂಗ್ ವಿದಿನ್ ಅವರ್ಸ್ ಆಫ್ ಹ್ಯಾಚಿಂಗ್’ ಎಂದಿದೆ. ಕಾವಲುಗಾರರು ಮಾತ್ರ ‘ಪ್ರೀಷಿಯಸ್’ ಬಿಟ್ಟಿಲ್ಲ.

6. ಚಿಕ್ಕದು ಎಂದಮಾತ್ರಕ್ಕೆ ಎಳೆಯದಲ್ಲ

ಸಣ್ಣ ನೊಣಕ್ಕೆ ನಾನು ‘ಬೇಬಿ ಫ್ಲೈ’ ಎಂದು ಬರೆದಿದ್ದೇನೆ. ದೊಡ್ಡ ನೊಣದ ಮಗು ಸಣ್ಣ ನೊಣ ಎಂದು ಎಲ್ಲರ ಹಾಗೆ ನಂಬಿದ್ದೆ. ರೆಕ್ಕೆ ಬಂದ ಮೇಲೆ ಕೀಟ ಬೆಳೆಯುವುದಿಲ್ಲ. ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ ಬೇರೆಯೇ ಜಾತಿ, ಅದು ಅಷ್ಟೇ ಇರುತ್ತದೆ. ನೊಣದ ಎಳೆಯದನ್ನು ನೋಡಬೇಕಾದರೆ ತಿಪ್ಪೆಗೆ ಹೋಗಬೇಕು, ಅಲ್ಲಿ ಮಿಜಿಗುಟ್ಟುವ ಬಿಳಿ ಹುಳುಗಳೇ ಅವು. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಬಿಡುವ ಕೀಟ ಒಂದೇ ಒಂದು ಬಳಗದಲ್ಲಿದೆ. ನೀರಿನಂಚಿನಲ್ಲಿ ಸಂಜೆ ಹೊತ್ತು ಹಾರಾಡುವ ಮೇಫ್ಲೈಗಳು.

ಬಣ್ಣವನ್ನೂ ನಂಬಬಾರದು. ಒಂದು ರಾತ್ರಿ ಅಡುಗೆಮನೆಯ ದೀಪ ಹಾಕಿದಾಗ ಸಿಂಕಿನ ಪಕ್ಕ ಹಾಲಿನಷ್ಟು ಬಿಳಿ ಜಿರಳೆ ಕೂತಿತ್ತು. ಕಣ್ಣು ಮಾತ್ರ ಕಪ್ಪು. ನಾನು ಕಸಪೊರಕೆ ಬಿಟ್ಟು ಕ್ಯಾಮೆರಾ ತಂದೆ. ‘ನ್ಯೂಬಾರ್ನ್ ಆಲ್ಬಿನೊ ಕಾಕ್ರೋಚ್’ ಎಂದು ಬರೆದು ಮೂರು ಜನಕ್ಕೆ ಕಳಿಸಿದೆ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಮಾಮೂಲಿ ಕಂದು ಜಿರಳೆ, ಪಕ್ಕದಲ್ಲಿ ತೆಳ್ಳನೆಯ ಖಾಲಿ ಪೊರೆ. ಜಿರಳೆ ಪೊರೆ ಬಿಟ್ಟ ತಕ್ಷಣ ಬಿಳಿಯಾಗಿ ಮೆತ್ತಗಿರುತ್ತದೆ, ಕೆಲವು ಗಂಟೆಗಳಲ್ಲಿ ಬಣ್ಣ ಬಂದು ಗಟ್ಟಿಯಾಗುತ್ತದೆ. ಅದು ಹುಟ್ಟಿದ್ದಲ್ಲ, ಬಟ್ಟೆ ಬದಲಾಯಿಸಿದ್ದು. ‘ಫ್ರೆಶ್ಲಿ ಮೌಲ್ಟೆಡ್’ ಎಂದರೆ ಮುಗಿಯುತ್ತಿತ್ತು. ಕೆರೆದಂಡೆಯ ಜೊಂಡಿನ ಮೇಲೆ ಬೆಳ್ಳಂಬೆಳಿಗ್ಗೆ ಕಾಣುವ, ಮಸುಕು ಬಣ್ಣದ, ಗಾಜಿನಂತೆ ಹೊಳೆಯುವ ರೆಕ್ಕೆಯ ಏರೋಪ್ಲೇನ್ ಚಿಟ್ಟೆಯೂ ಹಾಗೆಯೇ. ನೀರೊಳಗೆ ತಿಂಗಳುಗಟ್ಟಲೆ ಬದುಕಿ, ಕೊನೆಯ ಪೊರೆ ಕಳಚಿ ಹೊರಬಂದಿರುತ್ತದೆ.

ಅಷ್ಟೆಲ್ಲ ಪೆಟ್ಟು ತಿಂದ ಮೇಲೆ ‘ನ್ಯೂಬಾರ್ನ್’ ಎಂಬ ಪದವನ್ನು ಕೀಟಗಳಿಗೆ ಬಳಸುವುದೇ ಇಲ್ಲವೆಂದು ಶಪಥ ಮಾಡಿದೆ. ಬೇರೊಬ್ಬರು ಬರೆದ ಕಡೆಯಲ್ಲೂ ಹೊಡೆದುಹಾಕತೊಡಗಿದೆ. ಹಾಗೆ ಹೊಡೆದುಹಾಕಿದ್ದರಲ್ಲಿ ಒಂದು ಗಿಡಹೇನಿನ ಫೋಟೊ. ಗಿಡಹೇನು ಸಾಮಾನ್ಯವಾಗಿ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಅದೂ ಗಂಡಿನ ಹಂಗಿಲ್ಲದೆ. ದಾಸವಾಳದ ಮೊಗ್ಗಿನ ಮೇಲೆ ಭೂತಗನ್ನಡಿ ಹಿಡಿದರೆ ಅದು ಹಿಂಬದಿಯಿಂದ ಕಾಲು ಮಡಿಚಿಕೊಂಡ ಪುಟ್ಟ ಹಸಿರು ಮರಿಯನ್ನು ಇಳಿಸುವುದು ಕಾಣಿಸುತ್ತದೆ. ಅಲ್ಲಿ ‘ನ್ಯೂಬಾರ್ನ್’ ನೂರಕ್ಕೆ ನೂರು ಸರಿ. ಬರೆದಿದ್ದ ಹುಡುಗಿ ನನ್ನ ಕೆಂಪು ಗೆರೆಯನ್ನು ನೋಡಿ ಏನೂ ಹೇಳಲಿಲ್ಲ, ಗಿಡದ ಕುಂಡವನ್ನೇ ತಂದು ಮೇಜಿನ ಮೇಲಿಟ್ಟಳು.

7. ನೋಡದ ವಯಸ್ಸನ್ನು ಬರೆಯಬೇಡಿ

‘ಒನ್-ಡೇ-ಓಲ್ಡ್’ ಎಂದು ಬರೆದರೆ ಖಚಿತವಾಗಿ ಗೊತ್ತಿದ್ದವರ ಗತ್ತು ಬರುತ್ತದೆ. ನಾನು ಆ ಗತ್ತಿಗಾಗಿ ಎಷ್ಟೋ ಮರಿಗಳ ಜನ್ಮದಿನವನ್ನು ಊಹಿಸಿದ್ದೇನೆ. ಕೋಳಿ ಸಾಕಣೆಯವರು ‘ಡೇ-ಓಲ್ಡ್ ಚಿಕ್’ ಎಂದರೆ ಅದಕ್ಕೆ ಲೆಕ್ಕವಿದೆ. 21 ದಿನ ಕಾವು ಕೊಟ್ಟ ಮೊಟ್ಟೆ ಒಡೆದ ದಿನ ಅವರಿಗೆ ಗೊತ್ತು, ಹೊಟ್ಟೆಯೊಳಗೆ ಸೇರಿಕೊಂಡ ಹಳದಿಯ ಬಲದಿಂದ ಪಿಳ್ಳೆ ಎರಡು ಮೂರು ದಿನ ಮೇವಿಲ್ಲದೆ ತಡೆಯುತ್ತದೆಂಬುದೂ ಗೊತ್ತು. ಅದಕ್ಕೇ ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸುತ್ತಾರೆ. ಕಾಡಿನಲ್ಲಿ ಕಂಡ ಮರಿಯ ಜಾತಕ ನನ್ನ ಹತ್ತಿರ ಎಲ್ಲಿದೆ?

ಕಂಡದ್ದನ್ನು ಬರೆಯಬಹುದು. ‘ತುಪ್ಪುಳು ಇನ್ನೂ ಒದ್ದೆ’ ಎಂದು. ‘ಕೊಕ್ಕಿನ ತುದಿಯಲ್ಲಿ ಮೊಟ್ಟೆಹಲ್ಲು ಇನ್ನೂ ಇದೆ’ ಎಂದು. ಒಳಗಿನಿಂದ ಚಿಪ್ಪು ಒಡೆಯಲೆಂದೇ ಕೊಕ್ಕಿನ ಮೇಲೆ ಮೂಡಿ, ಕೆಲವು ದಿನಗಳಲ್ಲಿ ಉದುರಿಹೋಗುವ ಬಿಳಿ ಚುಕ್ಕೆ ಅದು. ಟಿಟ್ಟಿಭದ ಒಂದು ಫೋಟೊವನ್ನು ಹಿಗ್ಗಿಸಿ ನೋಡುವಾಗ ಮೊದಲ ಸಲ ಕಂಡಾಗ ಪರದೆಗೆ ಅಂಟಿದ ಧೂಳೆಂದು ಒರೆಸಿದೆ. ಮತ್ತೆ ಒರೆಸಿದೆ. ಧೂಳಲ್ಲ. ಆ ಮರಿ ಎಷ್ಟು ಹೊಸದೆಂದು ಹೇಳಲು ಅಷ್ಟು ಸಾಕಿತ್ತು.

8. ಒಂದು ಅಡ್ಡಗೆರೆ

‘ಟೂ ಡೇ ಓಲ್ಡ್ ಚಿಕ್ಸ್’ ಎಂದು ಗೆರೆಯಿಲ್ಲದೆ ಬರೆದಿದ್ದೆ. ಸಂಪಾದಕರು ಕೇಳಿದರು: ಒಂದು ದಿನದ ಎರಡು ಮರಿಗಳೋ, ಎರಡು ದಿನದ ಮರಿಗಳೋ? ನನಗೂ ಗೊತ್ತಿರಲಿಲ್ಲ. ‘ಟೂ-ಡೇ-ಓಲ್ಡ್’ ಎಂದು ಗೆರೆ ಹಾಕಿದರೆ ಎರಡು ದಿನದವು, ‘ಟೂ’ ಬಿಟ್ಟು ಮುಂದಿನದಕ್ಕೆ ಮಾತ್ರ ಹಾಕಿದರೆ ಎರಡು ಮರಿ. ‘ಜಸ್ಟ್-ಹ್ಯಾಚ್ಡ್ ಚಿಕ್’ಗೆ ಗೆರೆ ಬೇಕು, ‘ನ್ಯೂಲಿ ಹ್ಯಾಚ್ಡ್ ಚಿಕ್’ಗೆ ಬೇಡ. ಯಾಕೆಂದು ಕೇಳಬೇಡಿ, ವ್ಯಾಕರಣದ ವಿಷಯದಲ್ಲಿ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು.

9. ‘ಇಟ್ಸ್’ ಬರೆಯುವ ಮೊದಲು ಯಾರ ಮರಿ ಎಂದು ನೋಡಿ

‘ಎ ಕ್ರೋ ಫೀಡಿಂಗ್ ಇಟ್ಸ್ ಫ್ಲೆಜ್ಲಿಂಗ್’. ಕಾಗೆ, ಅದರ ಮುಂದೆ ರೆಕ್ಕೆ ನಡುಗಿಸುತ್ತ ಬಾಯಿ ತೆರೆದ ಮರಿ. ಪದಗಳು ಎಲ್ಲವೂ ಸರಿ, ನಡುವಿನ ‘ಇಟ್ಸ್’ ಒಂದು ಬಿಟ್ಟು. ಅದು ಕೋಗಿಲೆಯ ಮರಿ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಕೆಲವು ದಿನ ಮೊದಲೇ ಒಡೆಯುತ್ತದೆ, ಗುಟುಕಿನ ಸಾಲಿನಲ್ಲಿ ಅದೇ ಮುಂದೆ ನಿಲ್ಲುತ್ತದೆ. ಕಾಗೆ ಮೋಸಹೋದ ಹಾಗೆ ನಾನೂ ಮೋಸಹೋಗಿದ್ದೆ, ಕಾಗೆಗಾದರೂ ಹೆತ್ತಕರುಳಿನ ನೆಪವಿದೆ. ಆಮೇಲೆ ತಿದ್ದುವ ಉತ್ಸಾಹದಲ್ಲಿ ‘ದತ್ತುಮಗು’ ಎಂಬರ್ಥದ ಪದ ಹಾಕಿದೆ, ಅದೂ ತಪ್ಪು. ದತ್ತು ತೆಗೆದುಕೊಳ್ಳುವವರಿಗೆ ವಿಷಯ ಗೊತ್ತಿರುತ್ತದೆ. ಕೊನೆಗೆ ‘ಎ ಯಂಗ್ ಕೋಯಲ್ ಬೀಯಿಂಗ್ ಫೆಡ್ ಬೈ ಎ ಕ್ರೋ’ ಎಂದು ಬರೆದು ಕೈತೊಳೆದುಕೊಂಡೆ.

10. ಶೀರ್ಷಿಕೆಗಾಗಿ ಗೂಡಿನ ಹತ್ತಿರ ಹೋಗಬೇಡಿ

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಮುಂದಿನ ಮಲ್ಲಿಗೆ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿತು. ಮೂರು ಮೊಟ್ಟೆ. ಇಷ್ಟು ವರ್ಷ ಬೇರೆಯವರ ಫೋಟೊ ನೋಡಿ ಬರೆದವಳಿಗೆ ಮೊದಲ ಸಲ ಕಣ್ಣೆದುರಿಗೆ ಎಲ್ಲ ಹಂತವೂ ಸಿಗುವುದಿತ್ತು. ನೋಟ್‌ಬುಕ್ಕು ಇಟ್ಟೆ. ಗಂಟೆಗೊಮ್ಮೆ ಬಾಗಿಲು ತೆಗೆದು, ಎಲೆ ಸರಿಸಿ ನೋಡುವುದು, ಒಂದು ಸಾಲು ಬರೆಯುವುದು. ಚಿಪ್ಪಿನ ಮೇಲೆ ನಕ್ಷತ್ರದಾಕಾರದ ಮೊದಲ ಬಿರುಕು ಕಂಡ ದಿನ ‘ಪಿಪ್ಡ್’ ಎಂದು ಬರೆದೆ. ಆ ಪದ ನಿಘಂಟಿನಲ್ಲಿ ಓದಿ ಹತ್ತು ವರ್ಷವಾಗಿತ್ತು, ಬಳಸಲು ಅವಕಾಶ ಸಿಕ್ಕಿದ್ದು ಅಂದೇ. ಸಂಜೆಗೆ ಎರಡು ಮರಿ, ಮರುದಿನ ಮೂರನೆಯದು. ತಿಳಿಗೆಂಪು ಚರ್ಮದೊಳಗೆ ಹೊಟ್ಟೆಯಲ್ಲಿದ್ದುದೆಲ್ಲ ಕಾಣುತ್ತಿತ್ತು. ನಾನು ಹತ್ತಿರ ಹೋದರೆ ತಾಯಿಯೆಂದುಕೊಂಡು ಮೂರೂ ಬಾಯಿ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು.

ಎದುರು ಮನೆಯ ಕೇಬಲ್ ತಂತಿಯ ಮೇಲೆ ಕಾಗೆಯೊಂದು ದಿನವೂ ಕೂರುತ್ತಿತ್ತು. ನಾನು ಅದನ್ನು ನೋಡಿದ್ದೆ. ಅದು ನನ್ನನ್ನು ನೋಡುತ್ತಿದೆ, ನಾನು ಎಲೆ ಸರಿಸುವ ಜಾಗವನ್ನು ನೋಡುತ್ತಿದೆ ಎಂದು ಹೊಳೆಯಲಿಲ್ಲ. ಗೂಡಿನ ಚಿತ್ರ ಬೇಡ, ಗೂಡಿನ ಹತ್ತಿರ ಸುಳಿಯಬೇಡಿ ಎಂದು ಹಕ್ಕಿ ನೋಡುವ ಬಳಗಗಳು ಹೇಳುವುದು ಇದಕ್ಕೇ. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಎರಡು ಫಲಕಗಳಿಗೆ ಬರೆದುಕೊಟ್ಟವಳೂ ನಾನೇ.

ಆರನೇ ದಿನದ ಪುಟದಲ್ಲಿ ಬೆಳಿಗ್ಗೆ ಏಳರ ಸಾಲು ಹೀಗಿದೆ: ‘ಐಸ್ ಜಸ್ಟ್ ಓಪನಿಂಗ್’. ಎಂಟಕ್ಕೆ ಬಾಗಿಲು ತೆಗೆದಾಗ ಪಿಕಳಾರ ಜೋಡಿ ತಂತಿಯ ಮೇಲೆ ಕೂಗಾಡುತ್ತಿತ್ತು, ಗೂಡು ಒಂದು ಕಡೆ ಜೋತುಬಿದ್ದಿತ್ತು. ಮಧ್ಯಾಹ್ನದವರೆಗೂ ಒಂದು ಹಕ್ಕಿ ಬಾಯಲ್ಲಿ ಹಸಿರು ಹುಳು ಹಿಡಿದುಕೊಂಡು ಕುಂಡಕ್ಕೆ ಬಂದು ಹೋಗಿ ಮಾಡಿತು.

ಕೊನೆಯ ಹಂತದ ಶೀರ್ಷಿಕೆಯನ್ನು ಅಷ್ಟರಲ್ಲೇ ಬರೆದಿಟ್ಟುಕೊಂಡಿದ್ದೆ, ‘ಶಾರ್ಟ್-ಟೇಲ್ಡ್ ಫ್ಲೆಜ್ಲಿಂಗ್ಸ್, ಜಸ್ಟ್ ಔಟ್ ಆಫ್ ದ ನೆಸ್ಟ್’ ಎಂದು. ಅಡ್ಡಗೆರೆಯೂ ಸರಿಯಾದ ಜಾಗದಲ್ಲೇ ಇತ್ತು.